ವಕಾಲತ್ತಿಗೆ ಸಹಿ ಹಾಕುವ ಮುನ್ನ: ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಅಂಕಣಕ್ಕೆ ಸಾಮಾನ್ಯವಾಗಿ ಪಹಣಿ, ಪಾಲು, ಒತ್ತುವರಿ, ಚೆಕ್ಕು ಇವುಗಳ ಮೇಲೆ ಪ್ರಶ್ನೆಗಳು ಬರುತ್ತವೆ. ಈ ಸಲದ ಅಂಚೆಯಲ್ಲಿ ಮಾತ್ರ ಕಾನೂನಿಗಿಂತ ವಕೀಲರ ಮೇಲಿನ ಪ್ರಶ್ನೆಗಳೇ ಹೆಚ್ಚಾಗಿವೆ. ಶಿವಮೊಗ್ಗ ಜಿಲ್ಲೆಯ ನ್ಯಾಯಾಲಯಗಳಲ್ಲಿ ಮೂವತ್ತು ವರ್ಷ ಕರಿಕೋಟು ತೊಟ್ಟವನೇ ಅವಕ್ಕೆ ಉತ್ತರ ಬರೆಯುವುದು ಸ್ವಲ್ಪ ಮುಜುಗರದ ಕೆಲಸ; ಆದರೂ ಕೇಳಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದೆ.

ಪ್ರಶ್ನೆ: ನನಗೆ 58 ವರ್ಷ. ಹೊಸನಗರ ತಾಲ್ಲೂಕಿನಲ್ಲಿ ಪಿತ್ರಾರ್ಜಿತವಾದ ನಾಲ್ಕು ಎಕರೆ ಅಡಿಕೆ ತೋಟ, ಒಂದಿಷ್ಟು ಗದ್ದೆ ಇದೆ. ತಂದೆಯವರು 2009ರಲ್ಲಿ ತೀರಿಕೊಂಡರು. ಈಗ ಇಬ್ಬರು ತಂಗಿಯರು ಪಾಲು ಕೇಳಿ ದಾವೆ ಹಾಕಿದ್ದಾರೆ. ಹೋದ ವಾರ ಸಮನ್ಸ್ ಬಂತು. ಊರಿನಲ್ಲಿ ಒಬ್ಬೊಬ್ಬರು ಒಬ್ಬೊಬ್ಬ ವಕೀಲರ ಹೆಸರು ಹೇಳುತ್ತಾರೆ, ಬೆಂಗಳೂರಿನಿಂದಲೇ ಕರೆಸು ಎನ್ನುವವರೂ ಇದ್ದಾರೆ. ತಂಗಿಯರು ಒಡವೆ ಪಡೆದು ಆಸ್ತಿಯ ಹಕ್ಕು ಬಿಟ್ಟಿರುವುದಾಗಿ 1996ರಲ್ಲಿ ಬರೆದುಕೊಟ್ಟ ಕಾಗದ ನನ್ನ ಬಳಿ ಇದೆ, ಆದರೆ ಅದು ರಿಜಿಸ್ಟರ್ ಆಗಿಲ್ಲ. ಒಬ್ಬ ವಕೀಲರು ಅದನ್ನು ನೋಡಿ ‘ಇದೊಂದಿದ್ದರೆ ಸಾಕು, ಕೇಸು ನಿಮ್ಮದೇ’ ಎಂದರು. ಇನ್ನೊಬ್ಬರು ಮುಖ ಚಿಕ್ಕದು ಮಾಡಿದರು. ಯಾರನ್ನು ನಂಬಲಿ?

ಉತ್ತರ: ಮುಖ ಚಿಕ್ಕದು ಮಾಡಿದವರನ್ನು ನಂಬಿ. ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರ ನೋಂದಣಿಯಾಗಿರಬೇಕೆಂದು 1908ರ ನೋಂದಣಿ ಕಾಯಿದೆಯ 17ನೇ ಕಲಂ ಹೇಳುತ್ತದೆ. ಅದರ ಜೊತೆಗೆ, 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಬಂದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕನ್ನು ಹುಟ್ಟಿನಿಂದಲೇ ಕೊಟ್ಟಿದೆ, ಮತ್ತು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಆ ಹಕ್ಕನ್ನು ಇನ್ನಷ್ಟು ಗಟ್ಟಿಗೊಳಿಸಿದೆ. ನಿಮ್ಮ ಕಾಗದಕ್ಕೆ ಯಾವ ಉಪಯೋಗವೂ ಇಲ್ಲವೆಂದು ಅದನ್ನು ಓದದೆ ನಾನು ಹೇಳಲಾರೆ; ಆದರೆ ಅದೊಂದನ್ನೇ ನಂಬಿ ದಾವೆ ಗೆಲ್ಲಿಸಿಕೊಡುವುದಾಗಿ ಹೇಳುವವರು ಒಂದೋ ಕಾನೂನು ನೋಡಿಲ್ಲ, ಇಲ್ಲವೇ ನಿಮ್ಮ ಮುಖ ನೋಡಿ ಮಾತಾಡಿದ್ದಾರೆ. ವಕೀಲರನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಗೆಲ್ಲುತ್ತೇವೆಯೇ’ ಎಂಬುದಲ್ಲ, ‘ನಮ್ಮ ಕಡೆ ದುರ್ಬಲವಾಗಿರುವುದು ಎಲ್ಲಿ’ ಎಂಬುದು. ಅದಕ್ಕೆ ತಡವರಿಸದೆ ಉತ್ತರ ಕೊಡಬಲ್ಲವರು ಎದುರಾಳಿಯ ವಾದವನ್ನೂ ಆಗಲೇ ಯೋಚಿಸಿರುತ್ತಾರೆ.

ವಕೀಲರು ತಮ್ಮ ಬಗ್ಗೆ ಜಾಹೀರಾತು ಕೊಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. 2008ರ ತಿದ್ದುಪಡಿಯ ನಂತರ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ವಿದ್ಯಾರ್ಹತೆ, ನೋಂದಣಿ ಸಂಖ್ಯೆಯಂಥ ಕೆಲವು ವಿವರಗಳನ್ನು ಹಾಕಿಕೊಳ್ಳಲು ಅವಕಾಶವಾಯಿತು, ಅಷ್ಟೇ. ಆದ್ದರಿಂದ ಬೋರ್ಡು ನೋಡಿ ವಕೀಲರನ್ನು ಅಳೆಯಲಾಗದು. ಇದಕ್ಕೆ ನಾನು ಎಲ್ಲರಿಗೂ ಹೇಳುವ ಉಪಾಯವೊಂದಿದೆ. ನಿಮ್ಮ ದಾವೆ ಇರುವ ನ್ಯಾಯಾಲಯದಲ್ಲಿ ಒಂದು ದಿನ ಬೆಳಿಗ್ಗೆ ಹೋಗಿ ಹಿಂದಿನ ಬೆಂಚಿನಲ್ಲಿ ಮಧ್ಯಾಹ್ನದ ತನಕ ಕುಳಿತುಕೊಳ್ಳಿ. ವಿಚಾರಣೆ ಸಾರ್ವಜನಿಕರಿಗೆ ತೆರೆದಿರುತ್ತದೆ, ಯಾರ ಅನುಮತಿಯೂ ಬೇಕಿಲ್ಲ. ಕೇಸು ಕೂಗಿದಾಗ ಫೈಲು ಹಿಡಿದು ಎದ್ದು ನಿಲ್ಲುವವರು ಯಾರು, ಪ್ರತಿ ಸಲ ‘ವಾಯಿದೆ ಕೊಡಿ ಸ್ವಾಮಿ’ ಎನ್ನುವವರು ಯಾರು, ಸಾಕ್ಷಿಗೆ ಸವಾಲು ಹಾಕುವಾಗ ಪಹಣಿಯ ಪುಟ ಹುಡುಕಿ ಒದ್ದಾಡುವವರು ಯಾರು ಎಂಬುದೆಲ್ಲ ನಿಮಗೇ ಕಾಣುತ್ತದೆ. ಊರಿನ ಹತ್ತು ಜನರ ಶಿಫಾರಸಿಗಿಂತ ಆ ಅರ್ಧ ದಿನ ಹೆಚ್ಚು ತಿಳಿಸುತ್ತದೆ.

ಬೆಂಗಳೂರಿನವರನ್ನು ಕರೆಸುವ ಮಾತು ಈಗ ಬೇಡ. ಪಾಲಿನ ದಾವೆ ಎಂದರೆ ಹತ್ತಾರು ವಾಯಿದೆಗಳು. ಪ್ರತಿ ವಾಯಿದೆಗೂ ಅಷ್ಟು ದೂರದಿಂದ ದೊಡ್ಡ ವಕೀಲರು ಬರುವುದಿಲ್ಲ, ಅವರ ಕಿರಿಯರೂ ಬರುವುದು ಅನುಮಾನ, ಆಷಾಢದ ಮಳೆಯಲ್ಲಂತೂ ಕೇಳುವುದೇ ಬೇಡ. ಶಿವಮೊಗ್ಗದವರನ್ನು ಇಟ್ಟುಕೊಂಡರೂ ನ್ಯಾಯಾಲಯದಲ್ಲಿ ದಿನನಿತ್ಯ ನಿಲ್ಲುವವರು ಯಾರು ಎಂದು ಮೊದಲೇ ಕೇಳಿಕೊಳ್ಳಿ. ನಮ್ಮ ಮಲೆನಾಡಿನಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಈ ವಕೀಲರು ನಿಮ್ಮ ತಂಗಿಯರ ಮನೆಯವರಿಗೆ ಹಿಂದೆ ಎಂದಾದರೂ ಇದೇ ಆಸ್ತಿಯ ವಿಷಯದಲ್ಲಿ ಸಲಹೆ ಕೊಟ್ಟಿದ್ದಾರೆಯೇ? ಇಲ್ಲಿ ಯಾವ ಎರಡು ಮನೆಯ ನಡುವೆಯೂ ಹುಡುಕಿದರೆ ನೆಂಟಸ್ತಿಕೆ ಸಿಗುತ್ತದೆ. ನೆಂಟಸ್ತಿಕೆ ತಪ್ಪಲ್ಲ, ಆದರೆ ಅದು ವಕಾಲತ್ತಿಗೆ, ಅಂದರೆ ವಕೀಲರಿಗೆ ಕೇಸು ನಡೆಸುವ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕಿದ ಮೇಲೆ ಗೊತ್ತಾಗಬಾರದು.

ದಿನಗಳ ಲೆಕ್ಕ ಮರೆಯಬೇಡಿ. ಸಮನ್ಸ್ ಜಾರಿಯಾದ ದಿನದಿಂದ 30 ದಿನಗಳೊಳಗೆ ನಿಮ್ಮ ಲಿಖಿತ ತಕರಾರು ಸಲ್ಲಿಕೆಯಾಗಬೇಕು. ನ್ಯಾಯಾಲಯ ಕಾರಣ ದಾಖಲಿಸಿ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಸಮನ್ಸಿನಲ್ಲಿ ನಮೂದಿಸಿರುವ ತಾರೀಖಿಗೆ ಯಾರೂ ಹಾಜರಾಗದಿದ್ದರೆ ನಿಮ್ಮನ್ನು ಏಕಪಕ್ಷೀಯವಾಗಿ ಇಡುತ್ತಾರೆ, ಅಂದರೆ ನಿಮ್ಮ ಮಾತು ಕೇಳದೆಯೇ ದಾವೆ ಮುಂದುವರಿಯುತ್ತದೆ, ಆಮೇಲೆ ಅದನ್ನು ತೆಗೆಸುವುದೇ ಒಂದು ಪ್ರತ್ಯೇಕ ಕೆಲಸ. ಹಾಗಾಗಿ ವಕೀಲರ ಹುಡುಕಾಟ ಈ ಎರಡು ವಾರದಲ್ಲಿ ಮುಗಿಯಲಿ.

ಮೊದಲ ದಿನ ವಕೀಲರ ಕಚೇರಿಗೆ ಹೋಗುವಾಗ ಏನನ್ನು ಒಯ್ಯಬೇಕು ಎಂದು ನೀವು ಕೇಳಿಲ್ಲ, ಆದರೆ ಅರ್ಧ ಕೇಸು ಅಲ್ಲಿಯೇ ಇರುತ್ತದೆ. ನಾನು ವೃತ್ತಿ ಆರಂಭಿಸಿದ ಹೊಸತರಲ್ಲಿ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಅಡಿಕೆ ಚೀಲದ ತುಂಬ ಕಾಗದ ತಂದು ಮೇಜಿನ ಮೇಲೆ ಸುರಿದಿದ್ದರು. ಅಟ್ಟದ ಟ್ರಂಕಿನಲ್ಲಿ ಮಳೆಗಾಲಗಳನ್ನು ಕಳೆದ ಆ ಕಾಗದಗಳು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಕಂದಾಯದ ರಸೀತಿಗಳನ್ನು ಒಂದೊಂದಾಗಿ ಬಿಡಿಸಿ ಹಂಚಿನ ಮಾಡಿನ ಕೆಳಗೆ ಹಗ್ಗಕ್ಕೆ ಸಿಕ್ಕಿಸಿ ಒಣಗಿಸಬೇಕಾಯಿತು. ಎರಡು ದಿನ ಹಾಗೆ ಕಳೆದ ಮೇಲೆ, ಮದುವೆಯ ಕರೆಯೋಲೆಗಳ ನಡುವೆ ನಮಗೆ ಬೇಕಾಗಿದ್ದ ಹಳೆಯ ಮ್ಯುಟೇಷನ್ (ಖಾತೆ ಬದಲಾವಣೆ) ನಕಲು ಸಿಕ್ಕಿತು. ಹುಡುಕಿದ ಆ ಎರಡು ದಿನಗಳಿಗೆ ಯಾವ ಕಕ್ಷಿದಾರರೂ ದುಡ್ಡು ಕೊಡಲು ಇಷ್ಟಪಡುವುದಿಲ್ಲ. ಆದ್ದರಿಂದ ಮನೆಯಲ್ಲೇ ಕುಳಿತು ಕಾಗದಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ: ವಂಶವೃಕ್ಷ, ತಂದೆಯವರ ಮರಣ ಪ್ರಮಾಣಪತ್ರ, ಈಗಿನ ಮತ್ತು ಹಿಂದಿನ ಪಹಣಿಗಳು, ಮ್ಯುಟೇಷನ್ ನಕಲುಗಳು, ತಂದೆಯವರಿಗೂ ಅವರ ಅಣ್ಣತಮ್ಮಂದಿರಿಗೂ ಪಾಲಾಗಿದ್ದರೆ ಆ ಪಾಲುಪಟ್ಟಿ, ತೋಟದ ಮೇಲೆ ಸಹಕಾರ ಸಂಘದಲ್ಲಿ ಸಾಲವಿದ್ದರೆ ಅದರ ಪತ್ರ, ಸಮನ್ಸಿನ ಜೊತೆ ಬಂದಿರುವ ದಾವಾಪತ್ರದ ಪ್ರತಿ. ಯಾವ ವರ್ಷ ಏನಾಯಿತು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಮೇಲಿಡಿ. ಮೂಲ ಪ್ರತಿಗಳನ್ನು ಅಗತ್ಯ ಬೀಳುವ ತನಕ ನಿಮ್ಮಲ್ಲೇ ಇಟ್ಟುಕೊಳ್ಳಿ, ಕೊಡಬೇಕಾಗಿ ಬಂದರೆ ಪಟ್ಟಿ ಮಾಡಿ ವಕೀಲರಿಂದಲೋ ಗುಮಾಸ್ತರಿಂದಲೋ ಸಹಿ ಪಡೆಯಿರಿ. ಇದರಿಂದ ಯಾವ ಒಳ್ಳೆಯ ವಕೀಲರೂ ಬೇಸರಪಡುವುದಿಲ್ಲ.

ನಿಮಗೆ ಅನುಕೂಲವಲ್ಲದ್ದನ್ನೂ ಹೇಳಿ. ತಂಗಿಯರಿಗೆ ಹಿಂದೆ ಎಂದಾದರೂ ‘ಪಾಲು ಕೊಡುತ್ತೇನೆ’ ಎಂದು ಪತ್ರ ಬರೆದಿದ್ದರೆ, ಮೊಬೈಲಿನಲ್ಲಿ ಮೆಸೇಜು ಕಳಿಸಿದ್ದರೆ, ಪಂಚಾಯಿತಿ ಸೇರಿ ಮಾತಾಗಿದ್ದರೆ, ಎಲ್ಲವೂ ವಕೀಲರಿಗೆ ಗೊತ್ತಿರಬೇಕು. ವೃತ್ತಿಯ ಸಂಬಂಧದಲ್ಲಿ ಕಕ್ಷಿದಾರರು ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ವಕೀಲರು ಹೊರಗೆ ಹೇಳುವಂತಿಲ್ಲ. ಹಳೆಯ ಸಾಕ್ಷ್ಯ ಕಾಯಿದೆಯ 126ನೇ ಕಲಮಿನಲ್ಲಿದ್ದ ಈ ರಕ್ಷಣೆ ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಮುಂದೆ ಮಾಡಲಿರುವ ಅಪರಾಧಕ್ಕೆ ಮಾತ್ರ ಅದು ಅನ್ವಯಿಸುವುದಿಲ್ಲ. ತಮ್ಮ ಆಸ್ತಿಯ ಮೇಲೆ ಇಪ್ಪತ್ತು ವರ್ಷ ಹಿಂದೆ ಇನ್ನೊಂದು ದಾವೆ ನಡೆದು ಸೋತಿದ್ದರೆಂಬುದನ್ನು ನನ್ನ ಕಕ್ಷಿದಾರರೊಬ್ಬರು ನನಗೆ ಹೇಳಿರಲೇ ಇಲ್ಲ. ಪಾಟೀಸವಾಲಿನ ದಿನ ಎದುರು ವಕೀಲರು ಆ ಡಿಕ್ರಿಯ ನಕಲನ್ನು ಅವರ ಕೈಗೆ ಕೊಟ್ಟಾಗಲೇ ನಾನೂ ಅದನ್ನು ಮೊದಲ ಬಾರಿಗೆ ಕಂಡದ್ದು.

ಕೊನೆಗೊಂದು ಮಾತು, ಕೇಳದಿದ್ದರೂ ಹೇಳುತ್ತಿದ್ದೇನೆ. ತಂಗಿಯರ ಪಾಲು ಕಾನೂನಿನಲ್ಲಿ ಗಟ್ಟಿಯಾಗಿಯೇ ಇರುವಂತೆ ಕಾಣುತ್ತದೆ. ತೋಟವನ್ನು ತುಂಡು ಮಾಡದೆ ನೀವೇ ಉಳಿಸಿಕೊಂಡು ಅವರಿಗೆ ಹಣವನ್ನೋ ಗದ್ದೆಯನ್ನೋ ಕೊಡುವ ದಾರಿಯಿದೆಯೇ ಎಂದು ನಿಮ್ಮ ವಕೀಲರನ್ನು ಕೇಳಿ, ಜಿಲ್ಲಾ ಮಧ್ಯಸ್ಥಿಕಾ ಕೇಂದ್ರಕ್ಕೆ ಕಳಿಸಲು ನ್ಯಾಯಾಲಯವನ್ನು ಕೋರಬಹುದೇ ಎಂಬುದನ್ನೂ ಕೇಳಿ. ಈ ಪ್ರಶ್ನೆಗೆ ಸಿಡಿಮಿಡಿಗೊಳ್ಳುವ ವಕೀಲರಾದರೆ ಇನ್ನೊಬ್ಬರನ್ನು ನೋಡುವುದು ಮೇಲು.

ಪ್ರಶ್ನೆ: ನನ್ನ ತವರಿನ ಜಾಗದ ಬಗ್ಗೆ ನಾನು ಹಾಕಿದ ದಾವೆ ಶಿಕಾರಿಪುರದಲ್ಲಿ ನಾಲ್ಕು ವರ್ಷದಿಂದ ನಡೆಯುತ್ತಿದೆ. ವಕೀಲರು ಫೋನ್ ಎತ್ತುವುದಿಲ್ಲ. ಎತ್ತಿದರೆ ‘ಮುಂದಿನ ವಾಯಿದೆ ಹಾಕಿದ್ದಾರಮ್ಮ’ ಎಂದಷ್ಟೇ ಹೇಳುತ್ತಾರೆ. ವಕೀಲರನ್ನು ಬದಲಿಸೋಣವೆಂದರೆ ಬಾಕಿ ಫೀಸು ಕೊಡುವ ತನಕ ಫೈಲು ಕೊಡುವುದಿಲ್ಲ ಎನ್ನುತ್ತಾರೆ. ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದೇ?

ಉತ್ತರ: ಅಮ್ಮಾ, ಗ್ರಾಹಕರ ನ್ಯಾಯಾಲಯದ ದಾರಿ ಮುಚ್ಚಿದೆ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2024ರ ಮೇ 14ರಂದು ತೀರ್ಪು ಕೊಟ್ಟಿದೆ. ಆದರೆ ಫೈಲಿನ ವಿಷಯದಲ್ಲಿ ಕಾನೂನು ನಿಮ್ಮ ಪರವಾಗಿದೆ: ಫೀಸು ಬಾಕಿಯಿದೆ ಎಂಬ ಕಾರಣಕ್ಕೆ ಕಕ್ಷಿದಾರರ ಕಾಗದಗಳನ್ನು ಒತ್ತೆಯಂತೆ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲವೆಂದು ಅದೇ ನ್ಯಾಯಾಲಯ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಬಾಕಿ ಫೀಸನ್ನು ಅವರು ಬೇರೆ ದಾರಿಯಲ್ಲಿ ವಸೂಲು ಮಾಡಿಕೊಳ್ಳಬಹುದು, ಮಾಡಿದ ಕೆಲಸಕ್ಕೆ ನ್ಯಾಯವಾಗಿ ಸಲ್ಲಬೇಕಾದ್ದನ್ನು ನೀವೂ ಕೊಡಬೇಕು. ಅದು ಬೇರೆ ಲೆಕ್ಕ, ಫೈಲು ಬೇರೆ ಲೆಕ್ಕ.

ಆದರೂ ಬದಲಿಸುವ ಮೊದಲು ತಪ್ಪು ಯಾರದೆಂದು ನೋಡಿಕೊಳ್ಳಿ. ಪ್ರತಿ ಕೇಸಿಗೂ ಅಕ್ಷರ ಮತ್ತು ಅಂಕಿಗಳು ಸೇರಿ 16 ಸ್ಥಾನಗಳ ಸಿಎನ್ಆರ್ ಸಂಖ್ಯೆ ಎಂಬುದೊಂದು ಇರುತ್ತದೆ. ಅದನ್ನು, ಇಲ್ಲವೇ ದಾವೆಯ ನಂಬರು ಮತ್ತು ವರ್ಷವನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಇದುವರೆಗಿನ ವಾಯಿದೆಗಳೂ ಆಯಾ ದಿನ ಕೇಸು ಯಾವ ಹಂತದಲ್ಲಿತ್ತು ಎಂಬುದೂ ಸಿಗುತ್ತವೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಹತ್ತು ನಿಮಿಷದ ಕೆಲಸ. ಎರಡು ವರ್ಷ ಪೂರ್ತಿ ‘ಪ್ರತಿವಾದಿಗೆ ಸಮನ್ಸ್’ ಎಂದೇ ಬರುತ್ತಿದ್ದರೆ, ಮುಂಬೈಗೋ ಬೆಂಗಳೂರಿಗೋ ಹೋಗಿ ನೆಲೆಸಿದ ಯಾವುದೋ ದಾಯಾದಿಯ ವಿಳಾಸ ಸಿಗದೆ ಕೇಸು ನಿಂತಿದೆ ಎಂದರ್ಥ. ಆ ವಿಳಾಸವನ್ನು ಹುಡುಕಿ ಕೊಡಬೇಕಾದವರು ನೀವು, ವಕೀಲರಲ್ಲ. ಪ್ರತಿವಾದಿಗಳಲ್ಲಿ ಯಾರಾದರೂ ತೀರಿಕೊಂಡಿದ್ದರೆ 90 ದಿನಗಳೊಳಗೆ ಅವರ ವಾರಸುದಾರರನ್ನು ಸೇರಿಸಲು ಅರ್ಜಿ ಹಾಕಬೇಕು, ಇಲ್ಲದಿದ್ದರೆ ಅವರ ಮಟ್ಟಿಗೆ ದಾವೆ ಬಿದ್ದುಹೋಗುತ್ತದೆ. ವೈಕುಂಠ ಸಮಾರಾಧನೆಗೆ ಹೋಗಿ ಊಟ ಮಾಡಿ ಬಂದವರು ವಕೀಲರಿಗೆ ಆ ಸಾವಿನ ಸುದ್ದಿ ತಿಳಿಸಲು ಮರೆತದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹಾಗಲ್ಲದೆ ನಾಲ್ಕಾರು ವಾಯಿದೆಗಳಲ್ಲಿ ‘ವಾದಿ ಪರ ವಕೀಲರು ಗೈರು’ ಎಂದೇ ದಾಖಲಾಗಿದ್ದರೆ ಮಾತು ಬೇರೆ.

ಫೋನಿನ ಬಗ್ಗೆಯೂ ಸ್ವಲ್ಪ ಕೇಳಿ. ಹಗಲು ಹೊತ್ತು ನಾವು ಕೋರ್ಟು ಹಾಲಿನಲ್ಲಿ ಇರುತ್ತೇವೆ, ಫೋನು ಮೌನವಾಗಿರುತ್ತದೆ. ಹತ್ತು ಮಿಸ್ಡ್ ಕಾಲ್‌ಗಳಿಗಿಂತ ದಾವೆಯ ನಂಬರು ಮತ್ತು ಪ್ರಶ್ನೆಯನ್ನು ಬರೆದ ಒಂದು ಮೆಸೇಜು ಕೆಲಸ ಮಾಡುತ್ತದೆ. ವಾಯಿದೆಗೆ ಎರಡು ದಿನ ಮೊದಲು ಸಂಜೆ ಕಚೇರಿಗೆ ಹೋಗಿ ‘ಈ ಸಲ ಏನು ನಡೆಯಬೇಕು, ನಾನೇನು ತರಬೇಕು’ ಎಂದು ಕೇಳುವ ಕಕ್ಷಿದಾರರ ಫೈಲು ಮೇಲಕ್ಕೆ ಬಂದು ಕುಳಿತುಕೊಳ್ಳುತ್ತದೆ, ಇದು ವೃತ್ತಿಯವರು ಬಾಯಿಬಿಟ್ಟು ಹೇಳದ ಸತ್ಯ. ಗುಮಾಸ್ತರನ್ನೂ ಕಡೆಗಣಿಸಬೇಡಿ, ಎಷ್ಟೋ ಸಲ ನಿಮ್ಮ ಮುಂದಿನ ವಾಯಿದೆ ನಮಗಿಂತ ಅವರ ಡೈರಿಯಲ್ಲೇ ಸರಿಯಾಗಿರುತ್ತದೆ.

ಇಷ್ಟಾಗಿಯೂ ಬದಲಿಸಲೇಬೇಕೆಂದಾದರೆ, ಮೊದಲು ಬರವಣಿಗೆಯಲ್ಲಿ ಕೇಳಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಹಳೆಯ ವಕೀಲರು ವಕಾಲತ್ತಿನ ಮೇಲೆ ‘ಅಭ್ಯಂತರವಿಲ್ಲ’ ಎಂದು ಬರೆದು ಸಹಿ ಮಾಡಿದರೆ ಹೊಸಬರ ಕೆಲಸ ಸುಲಭ. ಮಾಡದಿದ್ದರೆ ನ್ಯಾಯಾಲಯದ ಅನುಮತಿ ಪಡೆದು ಹಳೆಯ ವಕಾಲತ್ತನ್ನು ಕೊನೆಗೊಳಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿದೆ. ಫೈಲು ಸಿಗದೇ ಹೋದರೂ ಕೈಕಟ್ಟಿ ಕೂರಬೇಕಿಲ್ಲ. ದಾವಾಪತ್ರ, ತಕರಾರು, ಆದೇಶ ಪಟ್ಟಿ, ಹಾಜರುಪಡಿಸಿದ ದಾಖಲೆಗಳು ಎಲ್ಲವುಗಳ ದೃಢೀಕೃತ ನಕಲನ್ನು ನ್ಯಾಯಾಲಯದ ನಕಲು ಶಾಖೆಯಿಂದ ನೀವೇ ಪಡೆಯಬಹುದು. ನಡತೆಗೆಟ್ಟ ವರ್ತನೆಯೆಂದು ನಿಮಗೆ ಖಚಿತವಿದ್ದರೆ 1961ರ ವಕೀಲರ ಕಾಯಿದೆಯ 35ನೇ ಕಲಮಿನಂತೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಕೇಸು ಸೋತದ್ದು ಅಥವಾ ತಡವಾದದ್ದು ಮಾತ್ರವೇ ದುರ್ನಡತೆ ಆಗುವುದಿಲ್ಲ. ಹಣ ದುರುಪಯೋಗ, ಸುಳ್ಳು ಹೇಳಿ ನಂಬಿಸುವುದು, ಕಾಗದ ಹಿಡಿದಿಡುವುದು ಇಂಥವುಗಳಿಗೆ ಆಧಾರವಿದ್ದರೆ ಬರೆಯಿರಿ.

ಪ್ರಶ್ನೆ: ಸಾಗರ ತಾಲ್ಲೂಕಿನ ನಮ್ಮ ಅಜ್ಜನಿಗೆ ಭೂನ್ಯಾಯ ಮಂಡಳಿಯಿಂದ ಗೇಣಿ ಜಮೀನು ಬಂದಿತ್ತು. ಈಗ ಪಹಣಿಯ 9ನೇ ಕಾಲಂನಲ್ಲಿ ಬೇರೆಯವರ ಹೆಸರು ಸೇರಿದೆ. ಸಿವಿಲ್ ಕೇಸು ನಡೆಸುವ ವಕೀಲರ ಬಳಿ ಹೋಗಬೇಕೇ, ಕಂದಾಯದ ಕೆಲಸ ನೋಡುವವರ ಬಳಿಯೇ?

ಉತ್ತರ: ಮೊದಲು ಕಂದಾಯ ಬಲ್ಲವರ ಬಳಿ. ಪಹಣಿಯಲ್ಲಿ ಹೆಸರು ಬದಲಾದದ್ದು ಯಾವುದೋ ಮ್ಯುಟೇಷನ್ ಆದೇಶದಿಂದ; ಅದರ ಮೇಲಿನ ಮೇಲ್ಮನವಿ ಭೂಕಂದಾಯ ಕಾಯಿದೆಯ 136ನೇ ಕಲಮಿನಂತೆ ಉಪವಿಭಾಗಾಧಿಕಾರಿಗಳ ಮುಂದೆ ಹೋಗಬೇಕು, ಅಲ್ಲಿಂದ ಪುನರ್ವಿಮರ್ಶೆಗೆ ಜಿಲ್ಲಾಧಿಕಾರಿಗಳ ಮುಂದೆ. ನಿಮ್ಮ ಉಪವಿಭಾಗದ ಕಚೇರಿ ಸಾಗರದಲ್ಲೇ ಇದೆ. ಅಜ್ಜನ ಹೆಸರಿನ ನಮೂನೆ 10, ಅಂದರೆ ಜಮೀನು ಗೇಣಿದಾರರ ಹೆಸರಿಗೆ ಆದದ್ದನ್ನು ಹೇಳುವ ಅಧಿಭೋಗದಾರರ ಪ್ರಮಾಣಪತ್ರ ಇದೆಯೇ ನೋಡಿ. ಇಲ್ಲದಿದ್ದರೆ ಮಂಡಳಿಯ ಆದೇಶದ ನಕಲಿಗೆ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಅರ್ಜಿ ಹಾಕಿ. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ತಾಲ್ಲೂಕು ನಿಮ್ಮದು. ಗೇಣಿದಾರರಿಗೆ ಭೂಮಿ ಸಿಕ್ಕ ಕಥೆ ಎಲ್ಲರ ಬಾಯಲ್ಲೂ ಇದೆ, ಆದರೆ ಆ ಒಂದು ಹಾಳೆ ಮಾತ್ರ ಎಷ್ಟೋ ಮನೆಗಳಲ್ಲಿ ಇಲ್ಲ.

ಗೇಣಿದಾರಿಕೆಯ ಪ್ರಶ್ನೆಗಳನ್ನು ಸಿವಿಲ್ ನ್ಯಾಯಾಲಯ ತೀರ್ಮಾನಿಸದಂತೆ ಭೂಸುಧಾರಣಾ ಕಾಯಿದೆಯ 132ನೇ ಕಲಂ ತಡೆಯುತ್ತದೆ. ಹಾಗೆಂದು ಸಿವಿಲ್ ನ್ಯಾಯಾಲಯದ ಕೆಲಸವೇ ಇಲ್ಲವೆಂದಲ್ಲ. ಎದುರಿನವರು ಕ್ರಯಪತ್ರವೋ ಉಯಿಲೋ ತೋರಿಸಿ ಒಡೆತನವನ್ನೇ ಪ್ರಶ್ನಿಸಿದರೆ, ಬೇಲಿ ಕಿತ್ತು ಒಳಗೆ ಬಂದರೆ, ಘೋಷಣೆಗೂ ತಡೆಯಾಜ್ಞೆಗೂ ಅಲ್ಲಿಗೇ ಹೋಗಬೇಕು. ಎರಡನ್ನೂ ನಡೆಸಬಲ್ಲ ಒಬ್ಬರು ಸಿಕ್ಕರೆ ಒಳ್ಳೆಯದು, ಏಕೆಂದರೆ ಒಂದು ಕಡೆ ಹೇಳಿದ್ದಕ್ಕೆ ವಿರುದ್ಧವಾದದ್ದನ್ನು ಇನ್ನೊಂದು ಕಡೆ ಬರೆದು ಸಿಕ್ಕಿಬೀಳುವುದು ಇಂಥ ಕೇಸುಗಳಲ್ಲೇ ಹೆಚ್ಚು. ಮುಂದೆ ರಿಟ್ ಅರ್ಜಿಯ ಹಂತ ಬಂದರೆ ಬೆಂಗಳೂರಿನ ಉಚ್ಚ ನ್ಯಾಯಾಲಯದ ವಕೀಲರು ಬೇಕಾಗುತ್ತಾರೆ. ಪಕ್ಕದ ಸಿದ್ದಾಪುರದವರು ಉತ್ತರ ಕನ್ನಡ ಜಿಲ್ಲೆಗೆ ಸೇರಿದವರಾದ್ದರಿಂದ ಧಾರವಾಡ ಪೀಠಕ್ಕೆ ಹೋಗುತ್ತಾರೆ. ಅವರ ಮಾತು ಕೇಳಿ ನೀವು ಧಾರವಾಡದ ಬಸ್ಸು ಹತ್ತಬೇಡಿ.

ಪ್ರಶ್ನೆ: ಭದ್ರಾವತಿಯಲ್ಲಿ ನನ್ನ ಸೈಟಿನ ತಕರಾರಿದೆ. ಈಗ ಫೀಸು ಬೇಡ, ಗೆದ್ದರೆ ಸೈಟಿನ ಬೆಲೆಯ ಹತ್ತನೇ ಒಂದು ಭಾಗ ಕೊಡಿ ಎಂದು ವಕೀಲರೊಬ್ಬರು ಹೇಳಿದ್ದಾರೆ. ಒಪ್ಪಬಹುದೇ?

ಉತ್ತರ: ಬೇಡ. ಫಲಿತಾಂಶದ ಮೇಲೆ ಫೀಸು ನಿಗದಿ ಮಾಡುವುದನ್ನೂ ಗೆದ್ದ ಆಸ್ತಿಯಲ್ಲಿ ಪಾಲು ಕೇಳುವುದನ್ನೂ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಅದರ ಬದಲು ಹಂತ ಹಂತವಾಗಿ ಕೊಡುವ ಒಂದು ಮೊತ್ತವನ್ನು ಮಾತಾಡಿಕೊಂಡು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ದಾವೆ ಹೂಡುವಾಗ ಎಷ್ಟು, ಸಾಕ್ಷ್ಯದ ಹೊತ್ತಿಗೆ ಎಷ್ಟು, ವಾದದ ಹೊತ್ತಿಗೆ ಎಷ್ಟು. ನ್ಯಾಯಾಲಯ ಶುಲ್ಕ, ಸಮನ್ಸ್ ಜಾರಿಯ ಶುಲ್ಕ, ಟೈಪಿಂಗು, ಸ್ಥಳ ತನಿಖೆಗೆ ಕೋರ್ಟು ಕಮಿಷನರ್ ಬಂದರೆ ಅವರ ಶುಲ್ಕ ಇವೆಲ್ಲ ಇದರಲ್ಲಿ ಸೇರಿವೆಯೇ ಎಂದೂ ಕೇಳಿ. ಜಗಳ ಬರುವುದು ಸಾಮಾನ್ಯವಾಗಿ ಇಲ್ಲಿಯೇ. ಕೈಯಲ್ಲಿ ಈಗ ದುಡ್ಡಿಲ್ಲದಿದ್ದರೆ ಹಾಗೆಂದೇ ಹೇಳಿ. ಮಂಡಿಯಲ್ಲಿ ಅಡಿಕೆ ಮಾರಿದ ಮೇಲೆ ಕೊಡುತ್ತೇನೆ ಎಂಬ ಮಾತಿಗೆ ಈ ಜಿಲ್ಲೆಯ ವಕೀಲರು ಒಗ್ಗಿಹೋಗಿದ್ದಾರೆ. ಖಾಲಿ ಸ್ಟಾಂಪ್ ಪೇಪರಿಗೆ ಮಾತ್ರ ಯಾರು ಕೇಳಿದರೂ ಸಹಿ ಹಾಕಬೇಡಿ.

ಪ್ರಶ್ನೆ: ಗಂಡ ಮನೆಯಿಂದ ಹೊರಗೆ ಹಾಕಿದ್ದಾರೆ. ಸೊರಬದಲ್ಲಿ ತಾಯಿಯ ಮನೆಯಲ್ಲಿದ್ದೇನೆ. ಜೀವನಾಂಶ ಕೇಳಲು ವಕೀಲರಿಗೆ ಕೊಡುವಷ್ಟು ಹಣವಿಲ್ಲ.

ಉತ್ತರ: ನಿಮಗೆ ಹಣ ಬೇಕಿಲ್ಲ ತಂಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನು ಕೊಡಬೇಕು. ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಬಂಧನದಲ್ಲಿರುವವರಿಗೆ ಕೂಡ. ಸೊರಬದ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಎಲ್ಲಿದೆ ಎಂದು ಕೇಳಿ ಅರ್ಜಿ ಕೊಡಿ, ಅಥವಾ 15100ಕ್ಕೆ ಕರೆ ಮಾಡಿ. ನಿಯೋಜಿತ ವಕೀಲರು ನಿಮ್ಮಿಂದ ಫೀಸು ಪಡೆಯುವಂತಿಲ್ಲ. ಕೇಳಿದರೆ ಸಮಿತಿಗೆ ತಿಳಿಸಿ. ಉಚಿತ ವಕೀಲರೆಂದು ಅವರ ಮುಂದೆ ಸಂಕೋಚಪಡಬೇಡಿ, ಮೇಲೆ ಹೊಸನಗರದವರಿಗೆ ಹೇಳಿದಂತೆ ಎಲ್ಲವನ್ನೂ ತಾರೀಖಿನ ಸಮೇತ ಹೇಳಿ. ಹೋಗುವಾಗ ಮದುವೆಯ ಕರೆಯೋಲೆ ಅಥವಾ ಫೋಟೊ, ಆಧಾರ್, ಮಕ್ಕಳಿದ್ದರೆ ಅವರ ಜನನ ಪ್ರಮಾಣಪತ್ರ, ಗಂಡನ ಸಂಬಳದ್ದೋ ಜಮೀನಿನದ್ದೋ ಯಾವುದಾದರೂ ದಾಖಲೆ ಕೈಗೆ ಸಿಕ್ಕಿದ್ದರೆ ಅದರ ಜೆರಾಕ್ಸ್ ಒಯ್ಯಿರಿ. ದಾಖಲೆ ಯಾವುದೂ ಸಿಗದಿದ್ದರೆ ಅವರು ಎಲ್ಲಿ ಕೆಲಸ ಮಾಡುತ್ತಾರೆ, ಯಾವ ಊರಿನಲ್ಲಿ ಎಷ್ಟು ತೋಟವಿದೆ ಎಂಬುದನ್ನು ಬರೆದುಕೊಂಡು ಹೋಗಿ; ಪಹಣಿಯನ್ನು ಅಲ್ಲಿಂದ ಮುಂದೆ ವಕೀಲರೇ ತೆಗೆಸುತ್ತಾರೆ.